ಇಂಜಿನಿಯರ್ ಸೈನ್ ಹಾಕಿದ್ಮೇಲೂ ಪೈಲಟ್ ಯಾಕೆ ವಿಮಾನ ಚೆಕ್ ಮಾಡ್ಬೇಕು?

ಸೈನ್ ಇದೆ ಅಂದ್ರೆ ಮೇಂಟೆನೆನ್ಸ್ ರೂಲ್ ಪ್ರಕಾರ ಆಗಿದೆ ಅಂತ, ಅಷ್ಟೇ. ಈ ಟ್ರಿಪ್‌ಗೆ ಹೊರಡಬಹುದಾ ಅನ್ನೋದು ಕ್ಯಾಪ್ಟನ್ ತಲೆಮೇಲೆ, ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ರೂಲ್ ಅನೆಕ್ಸ್ 6ರಲ್ಲೂ ವಿಮಾನ ಹಾರೋಕೆ ಯೋಗ್ಯ ಅಂತ ತನಗೆ ಖಾತ್ರಿ ಆಗೋವರೆಗೂ ಪೈಲಟ್ ಹೊರಡೋ ಹಂಗಿಲ್ಲ ಅಂತಿದೆ. ನಮ್ ತುಮಕೂರು ಬಸ್‌ಸ್ಟ್ಯಾಂಡಲ್ಲಿ ಡ್ರೈವರ್ ಟೈರ್ ತಟ್ಟಿ ನೋಡಲ್ವಾ ಹಂಗೆ, ಆದ್ರೆ ಬಸ್ಸನ್ನ ಶಿರಾ ರೋಡಲ್ಲಿ ಸೈಡಿಗೆ ಹಾಕ್ಬೋದು, ಮೇಲೆ ಅದಾಗಲ್ಲ! ಅದಕ್ಕೆ ವಿಮಾನದ ತೊಂದರೆ, ರಿಪೇರಿ ಬರೆದಿಡೋ ಟೆಕ್ ಲಾಗ್‌ನಲ್ಲಿ ಬಾಕಿ ಇರೋ ಡಿಫೆಕ್ಟ್ ಓದಿ, ಅದನ್ನಿಟ್ಕೊಂಡು ಹಾರಬಹುದಾ ಅಂತ ಎಂಇಎಲ್ (ಯಾವ್ಯಾವ್ದು ಕೆಟ್ಟಿದ್ರೂ ಹಾರಬಹುದು ಅನ್ನೋ ಪಟ್ಟಿ) ನೋಡಿ, ಒಂದ್ ಸುತ್ತು ಹಾಕಿ ಸ್ಪೀಡ್ ಅಳೆಯೋಕಿರೋ ಪಿಟೋ ಟ್ಯೂಬ್ ಕವರ್ ತೆಗ್ದಿದಾರಾ, ಟೈರ್ ಹೆಂಗಿದೆ, ಎಲ್ಲಾದ್ರೂ ಲೀಕ್ ಇದ್ಯಾ ಎಲ್ಲಾ ನೋಡ್ತಾರೆ. ಚಿಕ್ಕ ವಿಮಾನ ಆದ್ರೆ ಟ್ಯಾಂಕಿಂದ ಸ್ವಲ್ಪ ಇಂಧನ ಇಳಿಸಿ ನೀರು ಸೇರಿದ್ಯಾ ಅಂತಾನೂ. ಇಂಜಿನ್ ಬಿಚ್ಚಿ ನೋಡೋದೆಲ್ಲ ಅವರ ಕೆಲ್ಸ ಅಲ್ಲ, ಅದು ಲೈಸೆನ್ಸ್ ಇರೋ ಇಂಜಿನಿಯರ್‌ದು.