ಓದುಗರ ಪ್ರಶ್ನೆ: ಖಾಲಿ ಸೈಟಲ್ಲಿ ಸೊಪ್ಪು ಬೆಳೆದ್ರೆ ತಮ್ಮ ಸುಧಾರಿಸ್ತಾನಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಮಾತ್ರೆಯಿಂದ ಈಗ ಪರವಾಗಿಲ್ಲ, ಆದ್ರೆ ಇಡೀ ದಿನ ರೂಮಲ್ಲೇ ಮಲಗಿರ್ತಾನೆ. ಏನಾದ್ರೂ ಕೆಲಸಕ್ಕೆ ಹಚ್ಚಿ ಅಂತಾರೆ ಡಾಕ್ಟ್ರು. ನಮ್ಮ ಬಡಾವಣೇಲಿ ಒಂದು ಸಿಎ ಸೈಟ್ (ಸಾರ್ವಜನಿಕ ಸೌಕರ್ಯಕ್ಕೆ ಬಿಟ್ಟ ಜಾಗ) ಖಾಲಿ ಬಿದ್ದಿದೆ, ಅಲ್ಲಿ ಇವನಂಥವರು, ಪಿಯುಸಿ ಫೇಲಾಗಿ ಅಡ್ಡಾಡ್ತಿರೋ ಹುಡುಗ್ರು, ಒಬ್ಬೊಬ್ಬರೇ ಇರೋ ವಯಸ್ಸಾದವರು ಸೇರಿ ಕೈತೋಟ ಮಾಡಬಹುದಾ? ಅಸೋಸಿಯೇಷನ್‌ನವರು ‘ಅಂಥವರ ಕೈಗೆ ಕುಡುಗೋಲು ಕೊಡ್ತೀರಾ’ ಅಂತ ನಗ್ತಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾಡಬಹುದು ಮೇಡಂ, ಮಾಡಿ. ನಗೋರಿಗೆ ಒಂದು ವಿಷಯ ಹೇಳಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗ ಅಂತಾನೇ ಇದೆ, ಅಲ್ಲಿ ಬೇಕರಿ, ನೇಯ್ಗೆ, ಮರಗೆಲಸದ ಜೊತೆ ತೋಟಗಾರಿಕೇನೂ ಕಲಿಸ್ತಾರೆ. ಅಂಗವಿಕಲರಿಗಾಗಿ ಇರೋ ಎಪಿಡಿ ಸಂಸ್ಥೆ ಕೇಳಿರಬಹುದು, ಪೋಲಿಯೋ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ್ದು. ಅಂಗವಿಕಲ ಯುವಕರಿಗೆ ಅವರು ತೋಟಗಾರಿಕೆ ತರಬೇತಿ ಕೊಡ್ತಾರೆ, ಜೀವನ್ ಬಿಮಾ ನಗರದಲ್ಲಿ ಅವರದೇ ನರ್ಸರಿ ಇದೆ. ಅಂದ್ರೆ ನೀವು ಕೇಳ್ತಿರೋದು ಹೊಸದೇನಲ್ಲ.

ಆದ್ರೆ ಇಂಥ ತೋಟಗಳು ಗಿಡ ಒಣಗಿ ಮುಚ್ಚೋದು ಕಮ್ಮಿ, ದಿನಾ ಬೀಗ ತೆಗೆಯೋರು ಇಲ್ಲದೇ ಮುಚ್ಚೋದೇ ಜಾಸ್ತಿ. ಉದ್ಘಾಟನೆ ದಿನ ಕಾರ್ಪೊರೇಟರ್ ಬಂದು ಸಸಿ ನೆಡ್ತಾರೆ, ಫೋಟೋ ಆಗುತ್ತೆ, ಆಮೇಲೆ ನೀರು ಹಾಕೋದು ಯಾರು? ಅದಕ್ಕೆ ಮೊದಲು ಬೀಜ ಹುಡುಕೋ ಬದಲು ಒಬ್ಬ ಮೇಲ್ವಿಚಾರಕರನ್ನ ಹುಡುಕಿ, ಬೆಳಿಗ್ಗೆ ಏಳರಿಂದ ಒಂಬತ್ತು ಅಂತ ಹೊತ್ತು ಗೊತ್ತು ಮಾಡಿ, ಒಂದು ಹಾಜರಿ ಪುಸ್ತಕ ಇಡಿ. ನಿಮ್ಮ ತಮ್ಮನಿಗೆ ಬೇಕಿರೋದೂ ಅದೇ, ಇಷ್ಟೊತ್ತಿಗೆ ಏಳಬೇಕು, ಹೋಗದಿದ್ರೆ ಒಬ್ಬರು ಕೇಳ್ತಾರೆ ಅನ್ನೋದು. ಒಂದಿನ ಬರದಿದ್ರೆ ಬೈಯೋದು ಬೇಡ, ಆ ಕಾಯಿಲೇಲಿ ಹುಮ್ಮಸ್ಸೇ ಹೋಗಿಬಿಡುತ್ತೆ, ಅದು ಸೋಮಾರಿತನ ಅಲ್ಲ, ಮನೆಯವರೂ ಇದನ್ನ ಒಪ್ಪೋಕೆ ಬಹಳ ದಿನ ತಗೋತಾರೆ.

ಜಾಗ ಪ್ರಾಧಿಕಾರದ್ದೋ ಪಾಲಿಕೇದೋ ನೋಡ್ಕೊಂಡು ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಬಾಯಿಮಾತು ಬೇಡ. ಖಾಲಿ ಸೈಟಂದ್ರೆ ಗಾಜು, ಮೊಳೆ, ಕಟ್ಟಡದ ಡೆಬ್ರಿಸ್ ಇರೋದೇ, ಪಕ್ಕದಲ್ಲಿ ಗ್ಯಾರೇಜು ಇದ್ರೆ ಆ ಮಣ್ಣಲ್ಲಿ ತಿನ್ನೋದು ಬೆಳೀಬೇಡಿ. ಇಟ್ಟಿಗೆ ಜೋಡಿಸಿ ಮೇಲೆ ಮಡಿ ಕಟ್ಟಿ ಇಲ್ಲಾ ಗ್ರೋ ಬ್ಯಾಗ್ ತನ್ನಿ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಲಸಿ ಒಂದೊಂದು ಹಿಡಿ ಬೇವಿನ ಹಿಂಡಿ ಹಾಕಿ. ಮಡಿ ಮೂರಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಕೈಗೆ ಎಟುಕಬೇಕು. ವ್ಹೀಲ್‌ಚೇರ್‌ನವರು ಬರೋದಾದ್ರೆ ಒಂದೆರಡು ಮಡಿ ಮೇಜಿನ ಥರ ಎರಡೂವರೆ ಅಡಿ ಎತ್ತರಕ್ಕೆ ಮಾಡಿಸಿ, ಕೆಳಗೆ ಮೊಣಕಾಲು ಹೋಗೋ ಹಾಗೆ.

ಮೊದಲ ಬೆಳೆ ಟೊಮೆಟೊ ಮಾಡ್ಲೇಬೇಡಿ. ಮೆಂತ್ಯ, ಹರಿವೆ ಹಾಕಿ. ಮೂರನೇ ನಾಲ್ಕನೇ ದಿನಕ್ಕೆ ಮೆಂತ್ಯದ ಮೊಳಕೆ ಕಾಣುತ್ತೆ, 25-30 ದಿನಕ್ಕೆ ಸೊಪ್ಪು ಕೈಗೆ ಬರುತ್ತೆ. ನಂಬಿಕೆ ಕಳ್ಕೊಂಡಿರೋನಿಗೆ ಮೂರು ತಿಂಗಳು ಕಾಯಿ ಅನ್ನೋಕಾಗಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ ಸಿಕ್ರೆ ಹಾಕಿ, ಕೊಯ್ದ ಮೇಲೂ ಚಿಗುರ್ತಾ ಹೋಗುತ್ತೆ.

ಕುಡುಗೋಲಿನ ವಿಚಾರಕ್ಕೆ ಬರ್ತೀನಿ. ಕುಡುಗೋಲು ಎಣಿಸಿ ಕೊಟ್ಟು ಎಣಿಸಿ ಒಳಗಿಡಿ, ಅಷ್ಟು ಸಾಕು, ಇದು ಯಾವ ತೋಟಕ್ಕಾದ್ರೂ ಒಳ್ಳೇದೇ. ನನಗೆ ಭಯ ಇರೋದು ಕೀಟನಾಶಕದ ಬಾಟಲಿ ಮೇಲೆ. ಮನಸ್ಸು ಕುಗ್ಗಿರೋರು ಬರೋ ಜಾಗದಲ್ಲಿ ವಿಷ ಬೀಗದೊಳಗೂ ಇರಬಾರದು, ಇಲಿ ಪಾಷಾಣ ಕೂಡ. ಹುಳ ಬಿದ್ರೆ ಕೈಯಲ್ಲಿ ಆರಿಸಿ, ಬೇವಿನೆಣ್ಣೆ ಸೋಪ್ ನೀರು ಸಿಂಪಡಿಸಿ, ಆಗಲಿಲ್ವಾ, ಆ ಬೆಳೆ ಹೋಗ್ಲಿ ಬಿಡಿ.

ಇನ್ನೊಂದು, ಈ ಕಾಯಿಲೆಯ ಕೆಲವು ಮಾತ್ರೆ ತಗೊಳ್ಳೋರಿಗೆ ಬಿಸಿಲು ಬೇಗ ತಾಕುತ್ತೆ, ಮನಸ್ಸಿನ ಏರುಪೇರಿಗೆ ಕೊಡೋ ಲಿಥಿಯಂ ಅನ್ನೋ ಮಾತ್ರೆ ತಗೊಳ್ಳೋರು ಬೆವತು ನೀರು ಕುಡೀದೇ ಇದ್ರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯ ಆಗುತ್ತೆ. ದಾವಣಗೆರೆ ಏಪ್ರಿಲ್ ನಿಮಗೇ ಗೊತ್ತು. ಟೋಪಿ, ನೆರಳು, ಕುಡಿಯೋ ನೀರು ಇರಲೇಬೇಕು, ಟಿಟಿ ಇಂಜೆಕ್ಷನ್ ಆಗಿದ್ಯಾ ಕೇಳ್ಕೊಳ್ಳಿ. ತೋಟ ಶುರುವಾಯ್ತು ಅಂತ ಮಾತ್ರೆ ಮಾತ್ರ ಬಿಡಿಸ್ಬೇಡಿ, ‘ಮಣ್ಣೇ ಔಷಧಿ’ ಅಂತ ವಾಟ್ಸಾಪಲ್ಲಿ ಬರೋದನ್ನ ನಂಬಿ ಬಿಟ್ಟವರ ಕಥೆ ಈ ಅಂಕಣಕ್ಕೆ ಬರ್ತಾನೇ ಇರುತ್ತೆ. ಅವನು ರಾತ್ರಿ ನಿದ್ದೆ ಬಿಟ್ಟು ಒಬ್ಬನೇ ಮಾತಾಡೋಕೆ ಶುರು ಮಾಡಿದ್ರೆ ಡಾಕ್ಟ್ರ ಹತ್ರ ಹೋಗಿ, ಫೋನಲ್ಲಿ ಕೇಳ್ಬೇಕಂದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೇಲಿ ಮಾನಸಿಕ ಕಾಯಿಲೆಯವರಿಗಿರೋ ಮಾನಸಧಾರ ಅನ್ನೋ ಡೇ ಕೇರ್ ಬಗ್ಗೆನೂ ವಿಚಾರಿಸಿ, ನಿಮ್ಮ ತೋಟಕ್ಕೆ ಜನ ಅಲ್ಲಿಂದಲೇ ಸಿಗಬಹುದು.

ಪ್ರಶ್ನೆ: ನಮ್ಮ ಸಂಘದ ತೋಟಕ್ಕೆ ಸ್ಲಮ್ಮಿನ ಹುಡುಗ್ರು ಬರ್ತಾರೆ, ಒಂದು ವಾರಕ್ಕೆ ಮಾಯ. ಶಿಸ್ತೇ ಇಲ್ಲ.
– ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಸರ್, ಅವರಿಗೆ ಏನು ಕೊಡ್ತಿದ್ದೀರಿ? ಟೀ ಬಿಸ್ಕತ್ತಾ? ಹದಿನೆಂಟರ ಹುಡುಗ ಅದೇ ಹೊತ್ತಲ್ಲಿ ಡೆಲಿವರಿ ಮಾಡಿದ್ರೆ ಕೈಗೆ ಕಾಸು ಬರುತ್ತೆ, ನಿಮ್ಮ ತೋಟಕ್ಕೆ ಯಾಕೆ ಬರ್ಬೇಕು ಹೇಳಿ. ಅಮೆರಿಕದ ಬಾಸ್ಟನ್ ಕಡೆ ದಿ ಫುಡ್ ಪ್ರಾಜೆಕ್ಟ್ ಅಂತ 1991ರಿಂದ ನಡೀತಿದೆ, ಬಡವರ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಒಟ್ಟಿಗೆ ಹೊಲದಲ್ಲಿ ದುಡೀತಾರೆ, ಆದ್ರೆ ಪುಕ್ಸಟ್ಟೆ ಅಲ್ಲ, ಸಂಬಳ ಇದೆ. ನೀವು ಸೊಪ್ಪಿನ ಕಟ್ಟು ಅಪಾರ್ಟ್‌ಮೆಂಟಿಗೆ ಮಾರಿ ಬಂದ ದುಡ್ಡಲ್ಲಿ ಅವರಿಗೆ ಪಾಲು ಕೊಡಿ, ಲೆಕ್ಕದ ಪುಸ್ತಕ ಅವರ ಕೈಗೇ ಕೊಡಿ. ಗಿಡದ ಕೆಲಸ ಹಿಡಿಸಿದವನಿಗೆ ತೋಟಗಾರಿಕೆ ಇಲಾಖೆಯ ತರಬೇತಿ ವಿಚಾರಿಸಿ. ಶಾಲೆಗೆ ಹೋಗೋ ವಯಸ್ಸಿನವರು ಮಾತ್ರ ಶಾಲೆ ಬಿಟ್ಟು ಇಲ್ಲಿಗೆ ಬರೋ ಹಾಗಾಗಬಾರದು.

ಪ್ರಶ್ನೆ: ಮಗಳು ಇಂಗ್ಲೆಂಡಲ್ಲಿದ್ದಾಳೆ. ಅಲ್ಲಿ ಡಾಕ್ಟ್ರು ಮಾತ್ರೆ ಬದ್ಲು ತೋಟಕ್ಕೆ ಹೋಗಿ ಅಂತ ಬರ್ಕೊಡ್ತಾರಂತೆ, ನಿಜಾನಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಬದ್ಲು ಅಲ್ಲಮ್ಮ, ಜೊತೆಗೆ. ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ, ಡಾಕ್ಟ್ರು ಒಬ್ಬ ಕಾರ್ಯಕರ್ತರ ಹತ್ರ ಕಳಿಸ್ತಾರೆ, ಅವರು ನಿಮ್ಮ ಜೊತೆ ಕೂತು ಮಾತಾಡಿ ಹತ್ತಿರದ ಗುಂಪಿಗೆ ಸೇರಿಸ್ತಾರೆ, ಅದು ಹಾಡಿನ ಗುಂಪೂ ಆಗಬಹುದು. ತೋಟದ್ದೇ ಬೇಕಂದ್ರೆ ಥ್ರೈವ್ ಅನ್ನೋ ಸಂಸ್ಥೆ 1979ರಿಂದ ಇದೇ ಕೆಲಸ ಮಾಡ್ತಿದೆ, ಲಂಡನ್ನಿನ ಬ್ಯಾಟರ್ಸೀ ಪಾರ್ಕಲ್ಲಿ ಅವರ ತೋಟ ಇದೆ, ಹೋದಾಗ ಮಗಳ ಜೊತೆ ನೋಡ್ಕೊಂಡು ಬನ್ನಿ.