ಹೆಡ್‌ಫೋನ್‌ನಲ್ಲಿ ಮಿಕ್ಸ್ ಮಾಡುವವರಿಗೆ ಕ್ಯಾಲಿಬ್ರೇಶನ್ ಸಾಫ್ಟ್‌ವೇರ್ ಬೇಕೇ? ಅದನ್ನು ಹಾಕಿದರೆ ಹಾಡು ಮಂಕಾಗುವುದೇಕೆ?

ಮನೆಯ ಕೋಣೆಯಲ್ಲಿ ಸ್ಪೀಕರ್ ಇಲ್ಲದೆ, ಓಪನ್-ಬ್ಯಾಕ್ (ಕಪ್‌ನ ಹಿಂಭಾಗ ತೆರೆದಿರುವ) ಹೆಡ್‌ಫೋನ್ ಒಂದನ್ನೇ ನಂಬಿ ಮಿಕ್ಸ್ ಮಾಡುತ್ತಿರುವುದಾಗಿಯೂ, ಹೆಡ್‌ಫೋನಿನ ಏರುಪೇರು ಸರಿಪಡಿಸುವ ಕ್ಯಾಲಿಬ್ರೇಶನ್ ಸಾಫ್ಟ್‌ವೇರಿನ ಟ್ರಯಲ್ ಹಾಕಿದಾಗ ಹಾಡು ಮೊದಲಿಗಿಂತ ಮಂಕಾಗಿ ಕೇಳಿಸಿದ್ದಾಗಿಯೂ ಬರೆದು, ಇದಕ್ಕೆ ಹಣ ಕೊಡಬಹುದೇ ಎಂದು ಕೇಳಿದ್ದೀರಿ. ಆರು ವರ್ಷಗಳಿಂದ ನಾನು ಭಾವಗೀತೆ, ದೇವರನಾಮಗಳನ್ನು ಇದೇ ರೀತಿ ಮಿಕ್ಸ್ ಮಾಡುತ್ತಿದ್ದೇನೆ. ಕೊಡಬಹುದು ಎಂಬುದೇ ನನ್ನ ಉತ್ತರ. ಆದರೆ ಎರಡು ವಾರ ಕೇಳುವಾಗ ಅದನ್ನು ಒಮ್ಮೆಯೂ ಆಫ್ ಮಾಡದೆ ಕೆಲಸ ಮಾಡಿ, ಆಮೇಲೆ ನಿರ್ಧರಿಸಿ.

ಯಾವ ಹೆಡ್‌ಫೋನೂ ಎಲ್ಲ ಆವರ್ತನಗಳನ್ನು ಸಮನಾಗಿ ಕೇಳಿಸುವುದಿಲ್ಲ. ಓಪನ್-ಬ್ಯಾಕ್ ಮಾದರಿಗಳಲ್ಲಿ ಸಾಮಾನ್ಯವಾಗಿ 50 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗೆ ಬೇಸ್ ಇಳಿಯುತ್ತಾ ಹೋಗುತ್ತದೆ, ಹಲವು ಮಾದರಿಗಳಲ್ಲಿ 6ರಿಂದ 9 ಕಿಲೋಹರ್ಟ್ಸ್ ನಡುವೆ ಟ್ರೆಬಲ್ ಉಬ್ಬಿರುತ್ತದೆ. ಸಾಫ್ಟ್‌ವೇರ್ ಆ ಮಾದರಿಯ ಅಳತೆಯನ್ನು ಇಟ್ಟುಕೊಂಡು, ತಗ್ಗಿರುವಲ್ಲಿ ಏರಿಸಿ ಉಬ್ಬಿರುವಲ್ಲಿ ಇಳಿಸುವ ಒಂದು ಈಕ್ವಲೈಜರ್, ಅಷ್ಟೇ. ಉಬ್ಬಿದ ಟ್ರೆಬಲ್ಲಿಗೆ ತಿಂಗಳುಗಟ್ಟಲೆ ಒಗ್ಗಿದ ಕಿವಿಗೆ, ಅದನ್ನು ಸಮತಟ್ಟು ಮಾಡಿದ ಕೂಡಲೇ ಮುಸುಕು ಹೊದಿಸಿದಂತೆ ಅನ್ನಿಸುವುದು ಸಹಜ. ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ. 30 ಹರ್ಟ್ಸ್‌ನಲ್ಲಿ 6 ಡೆಸಿಬಲ್ ಏರಿಸಬೇಕಾದರೆ, ಧ್ವನಿ ಒಡೆಯದಿರಲೆಂದು ಸಾಫ್ಟ್‌ವೇರ್ ಇಡೀ ಹಾಡಿನ ಮಟ್ಟವನ್ನೇ ಅಷ್ಟು ತಗ್ಗಿಸುತ್ತದೆ. ಮೆಲ್ಲಗೆ ಕೇಳಿದ್ದು ಯಾವಾಗಲೂ ಸಪ್ಪೆಯಾಗಿಯೇ ತೋರುತ್ತದೆ. ಹಾಗಾಗಿ ಇದ್ದಾಗಿನ ಮತ್ತು ಇಲ್ಲದಾಗಿನ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳದೆ ಹೋಲಿಸಿದರೆ ತೀರ್ಪು ತಪ್ಪುತ್ತದೆ.

ಟ್ರೆಬಲ್‌ನ ಉಬ್ಬು ಮಾಡುವ ಹಾನಿ ನನಗೆ ಅರ್ಥವಾದದ್ದು ‘ಸ’ಕಾರದಿಂದ. ಒಬ್ಬ ಗಾಯಕಿಯ ಭಾವಗೀತೆಯಲ್ಲಿ ‘ಸಂತಸ’ ಎಂಬ ಪದ ಬಂದಾಗಲೆಲ್ಲ ನನ್ನ ಹೆಡ್‌ಫೋನ್‌ನಲ್ಲಿ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಚುಚ್ಚು ಹೋಗುವವರೆಗೂ ಡಿ-ಎಸ್ಸರ್ (‘ಸ’ಕಾರದ ತೀಕ್ಷ್ಣತೆ ತಗ್ಗಿಸುವ ಸಾಧನ) ಬಿಗಿ ಮಾಡುತ್ತಾ ಹೋದೆ. ಮರುದಿನ ಸ್ನೇಹಿತರ ಸ್ಪೀಕರಿನಲ್ಲಿ ಕೇಳಿದರೆ, ಅಷ್ಟು ಸ್ಪಷ್ಟ ಉಚ್ಚಾರದ ಆಕೆ ಹಲ್ಲಿನ ನಡುವೆ ನಾಲಿಗೆ ಸಿಕ್ಕಿಸಿಕೊಂಡು ಹಾಡಿದಂತಿತ್ತು. ತಬಲಾದ ಡಗ್ಗಾ ಇದಕ್ಕೆ ವಿರುದ್ಧವಾಗಿ, ಹೆಡ್‌ಫೋನ್‌ನಲ್ಲಿ ಸಾಲದೆಂದು ನಾನು ಏರಿಸಿದ್ದು ಅಲ್ಲಿ ಗುಮ್ಮೆಂದು ಪದಗಳನ್ನೇ ನುಂಗುತ್ತಿತ್ತು. ಸಾಹಿತ್ಯವೇ ಜೀವವಾಗಿರುವ ಹಾಡಿನಲ್ಲಿ ಒಂದು ಅಕ್ಷರ ಕೆಡುವುದೂ ಸಣ್ಣ ಸಂಗತಿಯಲ್ಲ. ಕ್ಯಾಲಿಬ್ರೇಶನ್ ಹಾಕಿಕೊಂಡು ಅದೇ ಹಾಡನ್ನು ಮೊದಲಿನಿಂದ ಮಿಕ್ಸ್ ಮಾಡಿದಾಗ ಡಿ-ಎಸ್ಸರ್‌ನ ಕೆಲಸ ಅರ್ಧಕ್ಕೂ ಕಡಿಮೆಯಾಯಿತು.

ಅದಕ್ಕೇ ಎರಡು ವಾರ ಎಂದು ಹೇಳಿದ್ದು. ಆ ಅವಧಿಯಲ್ಲಿ ಮಿಕ್ಸ್ ಮಾತ್ರವಲ್ಲ, ನಿಮಗೆ ಬಾಯಿಪಾಠವಾಗಿರುವ ಹತ್ತಾರು ಹಾಡುಗಳನ್ನೂ ಅದರ ಮೂಲಕವೇ ಕೇಳಿ. ಗಳಿಗೆಗೊಮ್ಮೆ ಆನ್ ಆಫ್ ಮಾಡುತ್ತಿದ್ದರೆ ಕಿವಿ ಯಾವುದಕ್ಕೂ ಒಗ್ಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಈ ಕ್ಯಾಲಿಬ್ರೇಶನ್ ಪ್ಲಗಿನ್ (ಮಿಕ್ಸ್ ಮಾಡುವ ಸಾಫ್ಟ್‌ವೇರಿನೊಳಗೆ ಹಾಕಿಕೊಳ್ಳುವ ಭಾಗ) ನಿಮ್ಮ ಕಿವಿಗೆ ಇರುವುದು, ಹಾಡಿಗಲ್ಲ. ಇಡೀ ಮಿಕ್ಸ್ ಹಾದುಹೋಗುವ ಮಾಸ್ಟರ್ ಟ್ರ್ಯಾಕಿನ ಕೊನೆಯಲ್ಲಿ ಹಾಕಿದ್ದನ್ನು ರೆಂಡರ್ ಮಾಡುವಾಗ (ಹಾಡನ್ನು ಅಂತಿಮ ಕಡತವಾಗಿ ಹೊರತೆಗೆಯುವಾಗ) ಆಫ್ ಮಾಡದಿದ್ದರೆ, ನಿಮ್ಮ ಹೆಡ್‌ಫೋನಿನ ದೋಷಕ್ಕೆ ಮಾಡಿದ ತಿದ್ದುಪಡಿ ಕೇಳುವವರೆಲ್ಲರ ಕಿವಿಗೂ ಹೋಗುತ್ತದೆ. ನಾನು ಒಮ್ಮೆ ಹಾಗೆ ಮಾಡಿ, ಬೇಸ್ ಊದಿದ, ಟ್ರೆಬಲ್ ಸತ್ತ ಕಡತವನ್ನು ಗಾಯಕಿಗೆ ಕಳುಹಿಸಿದ್ದೆ. ರೀಪರ್ ಎಂಬ ಮಿಕ್ಸಿಂಗ್ ಸಾಫ್ಟ್‌ವೇರ್ ಬಳಸುವವರು ಇದನ್ನು ಕೇಳುವುದಕ್ಕಷ್ಟೇ ಇರುವ ಮಾನಿಟರಿಂಗ್ ಎಫ್‌ಎಕ್ಸ್‌ನಲ್ಲಿ ಹಾಕಿದರೆ ಅದು ರೆಂಡರ್‌ಗೆ ಸೇರುವುದೇ ಇಲ್ಲ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕ್ಯೂಬೇಸ್ ಪ್ರೊನಲ್ಲಿ ಕಂಟ್ರೋಲ್ ರೂಮ್ ಇದೇ ಕೆಲಸಕ್ಕೆ ಬರುತ್ತದೆ. ಧ್ವನಿಮುದ್ರಣ ಮಾಡುವಾಗ ಪ್ಲಗಿನ್ನಿನಲ್ಲಿ ಧ್ವನಿಯನ್ನು ತಡಮಾಡುವ ಲೀನಿಯರ್ ಫೇಸ್ ಬದಲು ತಡವಿಲ್ಲದ ಝೀರೋ ಲೇಟೆನ್ಸಿ ಆಯ್ಕೆಯನ್ನು ಇಟ್ಟುಕೊಳ್ಳಿ, ಇಲ್ಲವಾದರೆ ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿಸುತ್ತದೆ.

ಇದರಿಂದ ಆಗದ ಕೆಲಸಗಳೂ ಇವೆ. ಸ್ಪೀಕರ್‌ಗಳ ಮುಂದೆ ಕುಳಿತಾಗ ಎಡಗಡೆಯ ಧ್ವನಿ ಬಲಗಿವಿಗೂ ತುಸು ತಲುಪುತ್ತದೆ, ಹೆಡ್‌ಫೋನ್‌ನಲ್ಲಿ ಅದು ತಲುಪುವುದಿಲ್ಲ. ಆದ್ದರಿಂದ ತಂಬೂರಿಯನ್ನು ಎಷ್ಟು ಅಗಲಕ್ಕೆ ಹರಡಬೇಕು, ರಿವರ್ಬ್ (ಅನುರಣನ) ಎಷ್ಟಿರಬೇಕು ಎಂಬುದನ್ನು ಸಮತಟ್ಟಾದ ಹೆಡ್‌ಫೋನ್ ಕೂಡ ಸರಿಯಾಗಿ ಹೇಳಲಾರದು. ಇದಕ್ಕೆ ಒಂದು ಕಡೆಯ ಧ್ವನಿಯನ್ನು ಇನ್ನೊಂದು ಕಿವಿಗೂ ತುಸು ಬೆರೆಸುವ ಕ್ರಾಸ್‌ಫೀಡ್ ಪ್ಲಗಿನ್ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಅಳತೆ ಹೊಸ ಕುಶನ್‌ಗಳ ಮೇಲೆ ಮಾಡಿದ್ದಾಗಿದ್ದರೆ, ನಿಮ್ಮ ಕುಶನ್ ಚಪ್ಪಟೆಯಾಗಿರುವಾಗ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಕ್ಲೋಸ್ಡ್-ಬ್ಯಾಕ್ ಮಾದರಿಯಲ್ಲಿ ಕನ್ನಡಕದ ಕಡ್ಡಿ ಕುಶನ್ನಿನ ಕೆಳಗೆ ಸಂದು ಮಾಡಿದರೂ ಸಾಕು, ಬೇಸ್ ಸೋರಿಹೋಗುತ್ತದೆ. ಜೊತೆಗೆ ಟ್ರೆಬಲ್‌ನ ತುತ್ತತುದಿಯಲ್ಲಿ ಪ್ರತಿಯೊಬ್ಬರ ಕಿವಿಯ ಆಕಾರವೂ ಧ್ವನಿಯನ್ನು ಬದಲಿಸುತ್ತದೆ. ನಿಮ್ಮ ಹೆಡ್‌ಫೋನ್ ಮಾದರಿಯ ತಿದ್ದುಪಡಿ ಪ್ರೊಫೈಲ್ ಹಾಕಿಕೊಂಡು, 2 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಏರುವ ಸೈನ್ ಸ್ವರವನ್ನು (ಬೇರೇನೂ ಬೆರೆಯದ ಶುದ್ಧ ಸ್ವರವನ್ನು) ಸಣ್ಣ ದನಿಯಲ್ಲಿ ಕೇಳಿ. ಎಲ್ಲಾದರೂ ಅದು ಸಿಳ್ಳೆಯಂತೆ ಎದ್ದು ಬಂದರೆ ಅಲ್ಲಿ 2–3 ಡೆಸಿಬಲ್ ನೀವೇ ಇಳಿಸಿಕೊಳ್ಳಬಹುದು.

ಹಣ ಕೊಡುವ ಮೊದಲು ಉಚಿತ ದಾರಿಯೊಂದನ್ನು ನೋಡಿ. ಆಟೋಇಕ್ಯೂ ಎಂಬ ಉಚಿತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳ ತಿದ್ದುಪಡಿ ಅಂಕಿಗಳಿವೆ. ವಿಂಡೋಸ್‌ನಲ್ಲಿ ಅವನ್ನು ಈಕ್ವಲೈಜರ್ ಎಪಿಒ ಎಂಬ ಉಚಿತ ಸಾಫ್ಟ್‌ವೇರಿಗೆ ಹಾಕಿದರಾಯಿತು. ಆಟೋಇಕ್ಯೂನಲ್ಲಿ ಹೆಚ್ಚಾಗಿ ಬಳಕೆಯಾಗುವ ಹರ್ಮನ್ ಗುರಿರೇಖೆಯನ್ನು (ತಿದ್ದಿದ ಮೇಲೆ ಹೆಡ್‌ಫೋನ್ ತಲುಪಬೇಕಾದ ಸಮತೋಲ) ಬಹುಪಾಲು ಕೇಳುಗರು ಮೆಚ್ಚುವ ಸಮತೋಲ ಯಾವುದೆಂದು ಪರೀಕ್ಷಿಸಿ ರೂಪಿಸಿದ್ದು, ಅದರಲ್ಲಿ ಬೇಸ್ ತುಸು ಎತ್ತರದಲ್ಲಿರುತ್ತದೆ. ಸೌಂಡ್‌ಐಡಿ ರೆಫರೆನ್ಸ್‌ನಂಥ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಯನ್ನು ಶೇಕಡಾವಾರು ಕಡಿಮೆ ಮಾಡಿಕೊಳ್ಳುವ, ಗುರಿರೇಖೆಯನ್ನು ಬದಲಿಸುವ ಅನುಕೂಲಗಳಿವೆ. ಉಚಿತವಾದದ್ದರಲ್ಲೇ ನಿಮ್ಮ ಮಿಕ್ಸ್‌ಗಳು ಬೇರೆಯವರ ಕಾರಿನಲ್ಲಿ, ಫೋನಿನಲ್ಲಿ ಸರಿಯಾಗಿ ಕೇಳಿಸತೊಡಗಿದರೆ, ಆ ಹಣವನ್ನು ಹೊಸ ಕುಶನ್‌ಗಳಿಗೆ ಬಳಸಿ.