ತಪ್ಪು ಹೇಳಿದ್ರ ಚಲೋ ಇತ್ರಿ

ನಾನು ಆಪ್ತಸಲಹೆಗಾರ್ತಿ. ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಕಡೆಯಿಂದ ನನ್ನ ಹತ್ತಿರ ಬರುವವರಿಂದ ಈ ಕಥೆ ಮತ್ತೆ ಮತ್ತೆ ಕೇಳುತ್ತೇನೆ. ಕೆಲಸ ಚೆನ್ನಾಗಿ ಬರುತ್ತದೆ, ಮೇಲಿನವರ ಜೊತೆ ಹೊಂದುವುದಿಲ್ಲ, ಒಂದು ದಿನ ‘ಸಾಕು, ಬಿಡಿ’ ಅನ್ನುತ್ತಾರೆ. ಗುರುತು ಸಿಗಬಾರದೆಂದು ಇಲ್ಲಿ ವಿವರ ಬದಲಿಸಿದ್ದೇನೆ.

ಇವರು ಒಂದು ಫೌಂಡ್ರಿಯಲ್ಲಿ ಕಾಸ್ಟಿಂಗ್, ಅಂದರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ದ ಭಾಗಗಳ ತಪಾಸಣೆ ಮಾಡುತ್ತಿದ್ದರು. 9 ವರ್ಷದ ಸರ್ವಿಸ್. ಹೊಸ ಮ್ಯಾನೇಜರ್ ಬಂದ ಮೇಲೆ ತಿಕ್ಕಾಟ ಶುರು. ಆತ ಮೆತ್ತಗೆ ಮಾತಾಡುವ ಮನುಷ್ಯ, ಇವರದು ಭಟ್ಟಿಯ ಸದ್ದಿಗೆ ಒಗ್ಗಿದ ದನಿ. ಕಾಸ್ಟಿಂಗಿನಲ್ಲಿ ಬ್ಲೋಹೋಲ್ (ಗಾಳಿ ಸಿಕ್ಕಿ ಆದ ತೂತು) ಕಂಡರೆ ಎಲ್ಲರೆದುರೇ ಕೂಗಿ ಹೇಳುವವರು. ಒಂದು ಸಂಜೆ ಮ್ಯಾನೇಜರ್ ಕ್ಯಾಬಿನ್‌ಗೆ ಕರೆದು, ‘ನೀವಾಗಿಯೇ ರಾಜೀನಾಮೆ ಬರೆದುಕೊಡಿ, ಮರ್ಯಾದೆಯಿಂದ ಹೋಗಿ’ ಎಂದರಂತೆ.

ನನ್ನಲ್ಲಿಗೆ ಬಂದಾಗ ಕೈಯಲ್ಲಿ ದಪ್ಪನೆಯ ಫೈಲು. ರಿಜೆಕ್ಷನ್ ರಿಪೋರ್ಟುಗಳ ಜೆರಾಕ್ಸ್. “ನೋಡ್ರಿ ಮೇಡಂ, ಇದರಾಗ ನಂದೇನ್ ತಪ್ಪೈತಿ?” ಎನ್ನುತ್ತಾ ಒಂದೊಂದೇ ಹಾಳೆ ತಿರುವಿದರು. ರಾತ್ರಿ ಮನೆಯಲ್ಲೂ ಇದೇ ಕೆಲಸ ಎಂದರು ಜೊತೆಗೆ ಬಂದಿದ್ದ ಹೆಂಡತಿ. ಹೆಂಡತಿಯ ಅಣ್ಣ ‘ಹೋಗಿ ಕಾಲು ಹಿಡಿ’ ಎಂದಿದ್ದರಂತೆ. ಹಾಳೆಗಳು ಮುಗಿಯುವ ತನಕ ಸುಮ್ನೆ ಇದ್ದೆ. ಆಮೇಲೆ, “ಮ್ಯಾನೇಜರ್ ಯಾವ ತಪ್ಪು ತೋರಿಸಿದರು?” ಎಂದೆ.

ಬಹಳ ಹೊತ್ತು ಮಾತಿಲ್ಲ.

“ಒಂದೂ ಹೇಳಲಿಲ್ರಿ. ಹೇಳಿದ್ರ ಚಲೋ ಇತ್ರಿ. ತಿದ್ಕೋತಿದ್ದೆ.”

ಅವರನ್ನು ತಿನ್ನುತ್ತಿದ್ದುದು ಇದು. ಕೆಲಸದ ತಪ್ಪಾದರೆ ತಿದ್ದಬಹುದು. ನಾನೇ ಆ ಮನುಷ್ಯನಿಗೆ ಹಿಡಿಸದಿದ್ದರೆ ಏನನ್ನು ತಿದ್ದುವುದು? ಅದಕ್ಕೇ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತಿದ್ದರು. “ಫೈಲು ಕಟ್ಟಿಡಿ, ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗೋದಿಲ್ಲ” ಎಂದೆ. ಅವರು ಅತ್ತರು.

ರಾಜೀನಾಮೆಗೆ ಸಹಿ ಹಾಕಬೇಡಿ, ಕಾಲು ಹಿಡಿಯಲೂ ಹೋಗಬೇಡಿ, ಮೊದಲು ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ ಎಂದು ಹೇಳಿದೆ. 5 ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಬರುತ್ತದೆ. ಆದರೆ ಶಿಸ್ತುಕ್ರಮವಿಲ್ಲದೆ ಮಾಲೀಕರೇ ಕಾರ್ಮಿಕನನ್ನು ತೆಗೆದರೆ ಒಂದು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ, ಜೊತೆಗೆ ಸರ್ವಿಸಿನ ವರ್ಷಕ್ಕೆ 15 ದಿನದ ಸಂಬಳ ಕೇಳಬಹುದು. ಮರ್ಯಾದೆಯ ಹೆಸರಲ್ಲಿ ಸಹಿ ಹಾಕಿದರೆ ಆ ದಾರಿ ಮುಚ್ಚುತ್ತದೆ. ಆಪ್ತಸಲಹೆಗಾರ್ತಿಗೆ ಕಾನೂನಿನ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಮನೆ ಸಾಲದ ಕಂತು ನೆನೆದು ನಿದ್ದೆಗೆಟ್ಟವರಿಗೆ ಬರೀ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಲು ನನಗಂತೂ ಆಗದು.

ದನಿಯ ಮಾತನ್ನೂ ಎತ್ತಿದೆ. ಹೆಂಡತಿಗೆ ಸಿಟ್ಟು ಬಂತು. “ನೀವೂ ಅವರ ಕಡೇನ ಮಾತಾಡ್ತೀರಲ್ರಿ!” ಕೆಲಸದಿಂದ ತೆಗೆಯಲು ಹೊರಟದ್ದು ಅನ್ಯಾಯ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮುಂದಿನ ಕಾರ್ಖಾನೆಗೂ ಇದೇ ದನಿ ಇವರ ಜೊತೆ ಹೋಗುತ್ತದೆ, ಅಲ್ವಾ? ಹೊಸ ಮಾಲೀಕರು ಹಳೆಯವರಿಗೆ ಫೋನ್ ಮಾಡಿ ವಿಚಾರಿಸುವುದೂ ಇಲ್ಲಿ ಮಾಮೂಲಿ. ಮ್ಯಾನೇಜರ್ ಬಗ್ಗೆ ವಾಟ್ಸಾಪ್ ಗುಂಪಿಗೆಂದು ಬರೆದಿಟ್ಟಿದ್ದನ್ನು ಕಳಿಸಬೇಡಿ ಎಂದಿದ್ದೂ ಅದಕ್ಕೇ.

ಅವರು ಸಹಿ ಹಾಕಲಿಲ್ಲ. ಕೆಲಸವೂ ಉಳಿಯಲಿಲ್ಲ. ಮಾತುಕತೆಯಾಗಿ ಲೆಕ್ಕ ಚುಕ್ತಾ ಆಯಿತು. ಈಗ ಒಂದು ಸಣ್ಣ ಮಷಿನ್ ಶಾಪಿನಲ್ಲಿದ್ದಾರೆ. ರಿಜೆಕ್ಟ್ ಆದದ್ದಕ್ಕೆ ಕೆಂಪು ಬಣ್ಣ ಹಚ್ಚಿ ಬದಿಗಿಡುತ್ತಾರೆ, ಕಾರಣ ಕೇಳಿದವರಿಗೆ ಹತ್ತಿರ ಕರೆದು ಹೇಳುತ್ತಾರಂತೆ. “ಒದರದಿದ್ರ ಕೆಲಸ ಮಾಡಿದಂಗ ಅನಸಂಗಿಲ್ರಿ ಮೇಡಂ” ಎಂದು ಇನ್ನೂ ದೂರುತ್ತಾರೆ.